ಗಣಿ ಲಾರಿ ಓಡಿದ ರಸ್ತೆಗೆ ದುಡ್ಡು ಯಾರು ಕೊಡಬೇಕು?

ಹೊಸಪೇಟೆ ಕಡೆಯವ:

ನೇರವಾಗಿ ವಿಷಯಕ್ಕೆ ಬರುತ್ತೇನೆ. ಬಳ್ಳಾರಿಯಲ್ಲಿ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ತುಮಕೂರು ಎರಡೂ ಸೇರಿ 50 ಲಕ್ಷ ಟನ್, ಅದಕ್ಕಿಂತ ಜಾಸ್ತಿ ಕಬ್ಬಿಣದ ಅದಿರು ತೆಗೆಯಬಾರದು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಮಿತಿ ಹಾಕಿತ್ತು. 2022ರ ಆಗಸ್ಟ್ ಹೊತ್ತಿಗೆ ಆ ಮಿತಿ 3.5 ಕೋಟಿ ಮತ್ತು 1.5 ಕೋಟಿ ಟನ್‌ಗೆ ಏರಿತು. ಅದೇ ವರ್ಷ ಮೇನಲ್ಲಿ ರಫ್ತಿಗೂ ಒಪ್ಪಿಗೆ ಸಿಕ್ಕಿತ್ತು. ಅಂದರೆ ಬಳ್ಳಾರಿ ಒಂದರಲ್ಲೇ 1 ಕೋಟಿ ಟನ್ ಹೆಚ್ಚುವರಿ. ಲಾರಿಗೆ 20 ಟನ್ ಅಂತ ಹಿಡಿದರೂ ವರ್ಷಕ್ಕೆ 5 ಲಕ್ಷ ಲೋಡ್. ಅರ್ಧ ರೈಲಿಗೆ, ಕನ್ವೇಯರ್‌ಗೆ ಹೋಯಿತು ಅಂದುಕೊಳ್ಳಿ. ಉಳಿದ ಎರಡೂವರೆ ಲಕ್ಷ ಲೋಡ್ ನಮ್ಮೂರ ರಸ್ತೆ ಮೇಲೇ ಅಲ್ವಾ?

ಗಣಿ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆ ಅರ್ಧ ಮನೆಗಳ ಅನ್ನ ಅದರಿಂದಲೇ ಬರುತ್ತದೆ. ನನ್ನ ಪ್ರಶ್ನೆ ಎರಡೇ. ಆ ಲಾರಿಯನ್ನು ಎಲ್ಲಿ, ಯಾರು ತೂಗುತ್ತಾರೆ? ರಸ್ತೆ ಹಾಳಾದ ಮೇಲೆ ರಿಪೇರಿ ದುಡ್ಡು ಯಾರ ಜೇಬಿನಿಂದ ಬರುತ್ತದೆ? ಹೊಸ ರಸ್ತೆಗೆ ಗುದ್ದಲಿ ಪೂಜೆ ಆಗುವುದನ್ನು ನೋಡಿ ನೋಡಿ ಸಾಕಾಗಿದೆ. ಹಳೇ ರಸ್ತೆಯ ರಿಪೇರಿಗೆ ಪೂಜೆ ಮಾಡಿದ ಶಾಸಕರನ್ನು ಯಾರಾದರೂ ನೋಡಿದ್ದೀರಾ?

ಹಳೇ ಲಾರಿ:

ನಾನು ಹೇಳುತ್ತೇನೆ. 2006ರಿಂದ 2010ರ ಸುಗ್ಗಿ ಕಾಲದಲ್ಲಿ ನಮ್ಮದೂ ಹತ್ತು ಚಕ್ರದ ಲಾರಿ ಆ ಲೈನಿನಲ್ಲಿ ಓಡುತ್ತಿತ್ತು. ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚೆ ಚೀನಾದವರು ಮಣ್ಣು ಕೊಟ್ಟರೂ ಕೊಳ್ಳುವಂತಿದ್ದರು. ಆಗ ಹತ್ತು ಚಕ್ರದ ಲಾರಿಗೆ ಪಾಸಿಂಗ್, ಅಂದರೆ ಕಾನೂನು ಒಪ್ಪುವ ತೂಕ, ಒಟ್ಟು 25 ಟನ್. ಅದರಲ್ಲಿ ಗಾಡಿ ತೂಕ ಹೋದರೆ ಅದಿರಿಗೆ ಉಳಿಯುವುದು 16 ಟನ್ ಆಸುಪಾಸು. ಪಾಸಿಂಗ್ ಲೋಡ್ ಹಾಕಿಕೊಂಡು ಯಾರೂ ಹೋಗುತ್ತಿರಲಿಲ್ಲ. ಹೋಗಲು ಆಗುತ್ತಲೂ ಇರಲಿಲ್ಲ. ಏಕೆಂದರೆ ಬಾಡಿಗೆ ಟನ್ನಿಗೆ. ಪಕ್ಕದವನು 24 ಟನ್ ಹಾಕಿದ ಅಂದರೆ ಟನ್ನಿನ ರೇಟು ಆ 24ರ ಲೆಕ್ಕಕ್ಕೇ ಇಳಿಯುತ್ತದೆ. ಆಮೇಲೆ 16 ಹಾಕಿದವನಿಗೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ, ಕಂತು ಎಲ್ಲಿಂದ ಕಟ್ಟುವುದು?

ಇಲ್ಲಿ ಎಲ್ಲರೂ ಡ್ರೈವರ್‌ಗೆ ಬೈಯುತ್ತಾರೆ. ಲೋಡರ್ ಯಂತ್ರ ಯಾರದು? ಗಣಿಯವನದು. ಎಷ್ಟು ಬಕೆಟ್ ಹಾಕಬೇಕು ಅಂತ ಹೇಳುವವನು ಯಾರು? ಟ್ರಾನ್ಸ್‌ಪೋರ್ಟ್ ಆಫೀಸಿನವನು. ರಸ್ತೆಯಲ್ಲಿ ಕೈ ಅಡ್ಡ ಬಂದರೆ ಮಾಮೂಲಿ ಕೊಡುವವನು, ಕೇಸಾದರೆ ಸ್ಟೇಷನ್ ಮುಂದೆ ನಿಲ್ಲುವವನು ಮಾತ್ರ ಡ್ರೈವರ್. 2011ರಲ್ಲಿ ಗಣಿ ನಿಂತಾಗ ಸಾಲದ ಗಾಡಿಗಳು ಸಾಲಾಗಿ ತುಕ್ಕು ಹಿಡಿದವಲ್ಲ, ಅದರಲ್ಲಿ ಗಣಿ ಮಾಲೀಕರ ಗಾಡಿ ಎಷ್ಟಿದ್ದವು ಅಂತ ವಿಚಾರಿಸಿ ನೋಡಿ.

ಡಾಂಬರ್ ಇಂಜಿನಿಯರ್ (ನಿವೃತ್ತ):

ಲಾರಿಯವರು ಹೇಳಿದ್ದು ಸರಿ. ರಸ್ತೆಯ ಕಡೆಯಿಂದಲೂ ಒಂದು ಲೆಕ್ಕ ಹಾಕೋಣ, ಇದು ಜನರಿಗೆ ಗೊತ್ತಾಗಬೇಕು.

ಭಾರ ಮತ್ತು ಹಾನಿ ಸಮ ಸಮ ಏರುವುದಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಬೇರೆ ಬೇರೆ ತೂಕದ ಲಾರಿಗಳನ್ನು ಪರೀಕ್ಷಾ ರಸ್ತೆಗಳ ಮೇಲೆ ಎಡೆಬಿಡದೆ ಓಡಿಸಿ ನೋಡಿದರು. ಆಕ್ಸಲ್, ಅಂದರೆ ಚಕ್ರಗಳ ಅಚ್ಚಿನ, ಮೇಲಿನ ಭಾರ ಏರಿದರೆ ಹಾನಿ ಸುಮಾರು ಅದರ ನಾಲ್ಕನೇ ಘಾತದಷ್ಟು ಏರುತ್ತದೆ ಅಂತ ಗೊತ್ತಾಗಿದ್ದು ಅಲ್ಲಿ. ಭಾರ ಎರಡು ಪಟ್ಟಾದರೆ ಹಾನಿ 16 ಪಟ್ಟು. ಒಂದೂವರೆ ಪಟ್ಟಾದರೆ 5 ಪಟ್ಟು.

ಈಗ ಮೇಲಿನವರ ಲೆಕ್ಕವನ್ನೇ ತೆಗೆದುಕೊಳ್ಳಿ. 48 ಟನ್ ಅದಿರು ಸಾಗಿಸಬೇಕು. 16 ಟನ್ನಿನಂತೆ ಮೂರು ಲೋಡ್, ಇಲ್ಲವೇ 24 ಟನ್ನಿನಂತೆ ಎರಡು ಲೋಡ್. ಮೊದಲನೆಯದರಲ್ಲಿ ಗಾಡಿ ಒಟ್ಟು 25 ಟನ್, ಎರಡನೆಯದರಲ್ಲಿ 33 ಟನ್. 33ರ ಗಾಡಿ ಒಂದೊಂದು ಸಲ ಮಾಡುವ ಹಾನಿ 25ರ ಗಾಡಿಗಿಂತ ಸುಮಾರು 3 ಪಟ್ಟು. ಅಂದರೆ ಮೂರು ಲೋಡ್‌ಗೆ ಹಾನಿ 3 ಅಂತಾದರೆ ಎರಡು ಲೋಡ್‌ಗೆ 6. ಟ್ರಿಪ್ ಕಡಿಮೆ ಆಯಿತು, ಡೀಸೆಲ್ ಉಳಿಯಿತು ಅಂತ ಅವರು ಹೇಳುತ್ತಾರೆ. ಅದೇ ಅದಿರಿಗೆ ರಸ್ತೆ ಎರಡರಷ್ಟು ಸವೆಯಿತು. ಉಳಿದ ಡೀಸೆಲ್ ದುಡ್ಡು ಒಬ್ಬರ ಜೇಬಿಗೆ, ಸವೆದ ರಸ್ತೆ ಇನ್ನೊಬ್ಬರ ತಲೆಗೆ. ಇಡೀ ಜಗಳ ಇಷ್ಟೇ.

ಇದರ ಮೇಲೆ ಚರಂಡಿ ಇಲ್ಲ. ನೀರು ಒಳಗೆ ಇಳಿದ ರಸ್ತೆಗೆ ಈ ಲೆಕ್ಕ ಕೂಡ ಅನ್ವಯಿಸುವುದಿಲ್ಲ, ಅದು ಒಂದೇ ಮಳೆಗಾಲಕ್ಕೆ ಹೋಗುತ್ತದೆ. ಕಳಪೆ ಕಾಮಗಾರಿ ಅಂತ ಬೈಯುವ ಮೊದಲು ರಸ್ತೆ ಬದಿ ನೀರು ಹೋಗಲು ಜಾಗ ಇದೆಯಾ ನೋಡಿ ಅಂತ ನಾನು ಯಾವಾಗಲೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಸುಮ್ನೆ ಓದುವವ:

ಸರ್, ಕಳಪೆ ಕಾಮಗಾರಿಯೂ ಇದೆ. ಕಮಿಷನ್ ಬಗ್ಗೆ ಗುತ್ತಿಗೆದಾರರ ಸಂಘವೇ 2021ರಲ್ಲಿ ಪ್ರಧಾನಿಗೆ ಪತ್ರ ಬರೆದಿತ್ತು. ಅದನ್ನು ಬಿಟ್ಟು ಎಲ್ಲಾ ಲಾರಿ ಮೇಲೆ ಹಾಕಬೇಡಿ.

ಡಾಂಬರ್ ಇಂಜಿನಿಯರ್ (ನಿವೃತ್ತ):

ಇಲ್ಲ ಅಂದವರು ಯಾರು? ಆದರೆ ಚೆನ್ನಾಗಿ ಮಾಡಿದ ರಸ್ತೆಯನ್ನೂ 33 ಟನ್ನಿನ ಗಾಡಿ ಮುರಿಯುತ್ತದೆ. ಕಳಪೆ ರಸ್ತೆಯನ್ನು ಬೇಗ ಮುರಿಯುತ್ತದೆ. ಓವರ್‌ಲೋಡ್‌ನಿಂದ ಇನ್ನೊಂದು ಅನುಕೂಲವೂ ಇದೆ. ಡಿಫೆಕ್ಟ್ ಲಯಬಿಲಿಟಿ ಅವಧಿಯಲ್ಲಿ, ಅಂದರೆ ಕೆಟ್ಟರೆ ಗುತ್ತಿಗೆದಾರನೇ ಸರಿಮಾಡಿಕೊಡಬೇಕಾದ ಅವಧಿಯಲ್ಲಿ, ರಸ್ತೆ ಕಿತ್ತುಹೋದರೆ ಗುತ್ತಿಗೆದಾರ ಲಾರಿ ಕಡೆ ಕೈ ತೋರಿಸುತ್ತಾನೆ, ಲಾರಿಯವರು ಗುತ್ತಿಗೆದಾರನ ಕಡೆ. ಇಲಾಖೆ ಮಧ್ಯದಲ್ಲಿ ಸುಖವಾಗಿರುತ್ತದೆ. ತೂಕದ ದಾಖಲೆ ಇದ್ದಿದ್ದರೆ ತಪ್ಪು ಯಾರದು ಅಂತ ಅವತ್ತೇ ಗೊತ್ತಾಗುತ್ತಿತ್ತು.

ಕರಾವಳಿ ಕಾಡು:

ಉತ್ತರ ಕನ್ನಡದಿಂದ ಬರೆಯುತ್ತಿದ್ದೇನೆ. ಬಳ್ಳಾರಿಯವರು ಅದಿರು ತೆಗೆದರು, ದೂಳು ತಿಂದರು, ಒಪ್ಪುತ್ತೇನೆ. ಅದು ಬಂದರಿಗೆ ಹೋಗಿದ್ದು ಯಾರ ಮನೆ ಮುಂದೆ? ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಆಗ ಅದು ರಾಷ್ಟ್ರೀಯ ಹೆದ್ದಾರಿ 63. ಹೆಸರಿಗೆ ಹೆದ್ದಾರಿ, ಘಟ್ಟದಲ್ಲಿ ಎರಡು ಲಾರಿ ಎದುರಾದರೆ ಬೈಕಿನವನು ಚರಂಡಿಗೆ. ಒಂದು ಗಾಡಿ ಕೆಟ್ಟು ನಿಂತರೆ ಬಸ್ಸಿನಲ್ಲಿದ್ದ ಶಾಲೆ ಮಕ್ಕಳು, ಆಸ್ಪತ್ರೆಗೆ ಹೊರಟವರು ಎಲ್ಲಾ ಅಲ್ಲೇ. ಮಂಗಳೂರಿಗೆ ಹೋದ ಅದಿರು ಶಿರಾಡಿಯನ್ನು ಏನು ಮಾಡಿತು ಅಂತ ಸಕಲೇಶಪುರದವರನ್ನು ಕೇಳಿ. ಕೊನೆಗೆ ಡಾಂಬರ್ ಕೈಬಿಟ್ಟು 2015ರಲ್ಲಿ ಒಂದು ಭಾಗ, 2018ರಲ್ಲಿ ಇನ್ನೊಂದು ಭಾಗ ಕಾಂಕ್ರೀಟ್ ಹಾಕಿದರು. ಎರಡು ಸಲವೂ ಘಟ್ಟ ತಿಂಗಳುಗಟ್ಟಲೆ ಬಂದ್. ಎರಡನೆಯದು ಮುಗಿದ ಮೇಲೆ ಅದೇ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮತ್ತೆ ಬಂದ್.

ಅಂಕೋಲಾ ಹತ್ತಿರದ ಬೇಲೇಕೇರಿ ಬಂದರು ಗೊತ್ತಲ್ಲ. 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿ ಇಟ್ಟಿದ್ದ ಲಕ್ಷಾಂತರ ಟನ್ ಅದಿರು ಬಂದರಿನಿಂದಲೇ ಹಡಗು ಹತ್ತಿ ಹೋಯಿತು. ಜಪ್ತಿ ಮಾಡಿದ ಮಾಲೇ ನಿಲ್ಲದ ಕಡೆ ಲಾರಿ ತೂಕದ ಚೀಟಿ ನಿಲ್ಲುತ್ತದಾ? ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ 2011ರ ಲೋಕಾಯುಕ್ತ ವರದಿಯ ಪ್ರಕಾರ ಲೆಕ್ಕಕ್ಕೆ ಸಿಗದೆ ರಫ್ತಾದ ಅದಿರು 2.98 ಕೋಟಿ ಟನ್, ಬೆಲೆ 12,228 ಕೋಟಿ ರೂಪಾಯಿ. ಅಷ್ಟೂ ಯಾವುದೋ ರಸ್ತೆ ಮೇಲೇ ಬಂದಿದ್ದು. ಆ ರಸ್ತೆಯ ಸವೆತ ಆ 12,228 ಕೋಟಿಯಲ್ಲಿ ಇಲ್ಲ.

ಇನ್ನೊಂದು ಮಾತು. ಕುದುರೆಮುಖದ ಅದಿರು ಸುಮಾರು 25 ವರ್ಷ ಘಟ್ಟ ಇಳಿದು ಪಣಂಬೂರಿಗೆ ಹೋಯಿತು. ಲಾರಿಯಲ್ಲಿ ಅಲ್ಲ, ನೀರಿನ ಜೊತೆ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ. ಭದ್ರಾ ನದಿಗೆ ಹೂಳು ತುಂಬಿದ ಪಾಪ ಆ ಗಣಿಗೂ ಇದೆ, 2005ರ ಕೊನೆಗೆ ಅದು ನಿಂತಿದ್ದು ಒಳ್ಳೆಯದೇ ಆಯಿತು. ಆದರೆ ರಸ್ತೆ ಹಾಳು ಮಾಡದೆ ಅದಿರು ಸಾಗಿಸಲು ಆಗುವುದೇ ಇಲ್ಲ ಅಂತ ಮಾತ್ರ ಹೇಳಬೇಡಿ.

ಹುಬ್ಬಳ್ಳಿ ಮಂಡಿ:

ಹಾಗಾದರೆ ಹುಬ್ಬಳ್ಳಿ–ಅಂಕೋಲಾ ರೈಲು ಬೇಕು ಅಂತ ನೀವೂ ಒಪ್ಪಿಕೊಳ್ಳಿ. 1990ರ ದಶಕದಿಂದ ಕಾಯುತ್ತಿದ್ದೇವೆ. ರೈಲು ಬಂದರೆ ಅರ್ಧ ಲಾರಿ ರಸ್ತೆ ಬಿಡುತ್ತವೆ.

ಕರಾವಳಿ ಕಾಡು:

ಒಪ್ಪುವುದಿಲ್ಲ. ಆ ದಾರಿಯಲ್ಲಿ ಹೋಗುವ ಮರಗಳ ಲೆಕ್ಕ ಲಕ್ಷಗಳಲ್ಲಿದೆ. 2020ರಲ್ಲಿ ವನ್ಯಜೀವಿ ಮಂಡಳಿ ಒಪ್ಪಿದ್ದನ್ನು ಹೈಕೋರ್ಟ್ ತಡೆದಿದ್ದು ಸುಮ್ನೆ ಅಲ್ಲ. ನಮ್ಮ ಜಿಲ್ಲೆ ಯಾವಾಗಲೂ ಬೇರೆಯವರ ಮಾಲು ಹೋಗುವ ದಾರಿ ಮಾತ್ರವಾ? ಇದನ್ನು ಇಲ್ಲಿ ಎಳೆದರೆ ರಾತ್ರಿಯೆಲ್ಲಾ ಜಗಳ ಆಗುತ್ತದೆ, ಬಿಡಿ.

ಮೊಂಬಾಸಾದಿಂದ:

ನಾನು ಕೆಲಸಕ್ಕೆ ಕೀನ್ಯಾಗೆ ಬಂದವನು, ಮೂಲ ಗದಗ ಕಡೆ. ಸಾಗಣೆ ಕ್ಷೇತ್ರದಲ್ಲೇ ಇದ್ದೇನೆ. ಇದನ್ನೆಲ್ಲಾ ಓದುತ್ತಿದ್ದರೆ ಇಲ್ಲಿನ ಕಥೆಯೇ ಕನ್ನಡದಲ್ಲಿ ಓದಿದ ಹಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊಂಬಾಸಾ ಬಂದರಿನಿಂದ ನೈರೋಬಿ, ಅಲ್ಲಿಂದ ಮಲಾಬಾ ಗಡಿ ದಾಟಿ ಉಗಾಂಡಾ, ಮುಂದೆ ರುವಾಂಡಾ, ದಕ್ಷಿಣ ಸುಡಾನ್, ಪೂರ್ವ ಕಾಂಗೋ. ಸಮುದ್ರ ಇಲ್ಲದ ದೇಶಗಳ ಉಪ್ಪು ಎಣ್ಣೆ ಸಿಮೆಂಟಿಗೆ ಇದೇ ದೊಡ್ಡ ದಾರಿ. ಇಲ್ಲೂ ಓವರ್‌ಲೋಡ್ ರಸ್ತೆಯನ್ನು ತಿಂದು ಹಾಕಿತ್ತು. ಒಂದು ದೇಶದಲ್ಲಿ ಒಂದು ತೂಕದ ಮಿತಿ, ಪಕ್ಕದ ದೇಶದಲ್ಲಿ ಇನ್ನೊಂದು. ಪೂರ್ವ ಆಫ್ರಿಕಾ ಸಮುದಾಯದವರು 2013ರಲ್ಲಿ ಎಲ್ಲರಿಗೂ ಒಂದೇ ಕಾನೂನು ಮಾಡಿದರು. ನಾಲ್ಕು ಟೈರಿನ ಒಂದು ಆಕ್ಸಲ್‌ಗೆ 10 ಟನ್, ಗಾಡಿ ಎಷ್ಟೇ ದೊಡ್ಡದಿದ್ದರೂ ಒಟ್ಟು 56 ಟನ್ ದಾಟಬಾರದು. ಮರಿಯಾಕಾನಿ, ಅಥಿ ರಿವರ್, ಗಿಲ್‌ಗಿಲ್, ವೆಬುಯೆ, ಹೀಗೆ ದಾರಿಯುದ್ದಕ್ಕೂ ತೂಕದ ಕಟ್ಟೆ. ಒಂದರಲ್ಲಿ ಕಣ್ಣು ತಪ್ಪಿಸಿದರೆ ಮುಂದಿನದರಲ್ಲಿ ಸಿಕ್ಕಿಬೀಳುತ್ತೀರಿ. ಲಂಚ ಇಲ್ಲ ಅಂತ ಅಲ್ಲ. ಆದರೆ ಎಲ್ಲಾ ಕಟ್ಟೆಗೂ ಲಂಚ ಕೊಟ್ಟರೆ ಜಾಸ್ತಿ ಹಾಕಿದ ಲಾಭ ಉಳಿಯುವುದಿಲ್ಲ, ಅಷ್ಟರಮಟ್ಟಿಗೆ ಅದು ಕೆಲಸ ಮಾಡುತ್ತದೆ.

ದುಡ್ಡಿನ ವಿಷಯ ಇನ್ನೂ ಸ್ವಾರಸ್ಯ. 1980ರ ದಶಕದ ಕೊನೆಗೆ ವಿಶ್ವಬ್ಯಾಂಕ್ ಒಂದು ಲೆಕ್ಕ ಕೊಟ್ಟಿತ್ತು. 85 ಅಭಿವೃದ್ಧಿಶೀಲ ದೇಶಗಳಲ್ಲಿ ರಿಪೇರಿ ಇಲ್ಲದೆ ಕಳೆದುಹೋದ ರಸ್ತೆಗಳ ಬೆಲೆ 4,500 ಕೋಟಿ ಡಾಲರ್. ಹೊತ್ತಿಗೆ ಸರಿಯಾಗಿ 1,200 ಕೋಟಿ ಖರ್ಚು ಮಾಡಿದ್ದರೆ ಅಷ್ಟೂ ಉಳಿಯುತ್ತಿತ್ತು ಅಂತ. ಅದಾದ ಮೇಲೆ ಆಫ್ರಿಕಾದ ತುಂಬಾ ದೇಶಗಳು ಪೆಟ್ರೋಲ್ ಡೀಸೆಲ್ ಮೇಲೆ ರಸ್ತೆ ರಿಪೇರಿ ಶುಲ್ಕ ಹಾಕಿ ಬೇರೆ ನಿಧಿ ಮಾಡಿಕೊಂಡವು. ಕೀನ್ಯಾ 1993ರಲ್ಲಿ ಕಾನೂನು ಮಾಡಿತು, 1999ರಲ್ಲಿ ಆ ದುಡ್ಡು ನೋಡಿಕೊಳ್ಳಲು ರಸ್ತೆ ಮಂಡಳಿ ಬಂತು. ಲೀಟರಿಗೆ 18 ಶಿಲ್ಲಿಂಗ್ ಇದ್ದಿದ್ದು 2024ರಲ್ಲಿ 25 ಆಯಿತು. ಜನ ಗೊಣಗಿದರೂ ರಸ್ತೆ ಸರಿಹೋಗುತ್ತದೆ ಅಂದುಕೊಂಡರು. ಮಾರನೇ ವರ್ಷ ಸರ್ಕಾರ ಮಾಡಿದ್ದೇನು ಗೊತ್ತಾ? ಆ 25ರಲ್ಲಿ 7 ಶಿಲ್ಲಿಂಗ್ ಆದಾಯವನ್ನು ಅಡವಿಟ್ಟು ಸಾಲ ಎತ್ತಿತು, ಗುತ್ತಿಗೆದಾರರ ಹಳೇ ಬಾಕಿ ತೀರಿಸಲು. ಹೊಸ ರಸ್ತೆ ಮಾಡಿಸಿ ಬಿಲ್ ಕೊಡದೆ ಕೂತಿದ್ದ ಬಾಕಿ ಅದು. ನಾಳೆ ಗುಂಡಿ ಮುಚ್ಚಬೇಕಾದ ದುಡ್ಡು ನಿನ್ನೆಯ ಗುದ್ದಲಿ ಪೂಜೆಗೆ ಹೋಯಿತು ಅನ್ನಿ.

ರೈಲಿನ ಬಗ್ಗೆ ಮಂಡಿಯವರು ಕೇಳಿದರಲ್ಲ. ಇಲ್ಲಿ ಚೀನಾ ಸಾಲದಲ್ಲಿ ಮೊಂಬಾಸಾ–ನೈರೋಬಿ ಹೊಸ ರೈಲು 2017ರಲ್ಲಿ ಶುರುವಾಯಿತು. 2019ರಲ್ಲಿ ನೈವಾಶಾವರೆಗೆ ಹೋಗಿ ಅಲ್ಲೇ ನಿಂತಿತು. ಸಾಲ ತೀರಿಸಬೇಕಲ್ಲ, ಅದಕ್ಕೆ ಆಮದು ಮಾಲೆಲ್ಲಾ ರೈಲಿನಲ್ಲೇ ಹೋಗಬೇಕು ಅಂತ ಆದೇಶ ಮಾಡಿದರು. ಮೊಂಬಾಸಾದ ಲಾರಿಯವರು, ಗೋದಾಮಿನವರು, ದಾರಿ ಬದಿ ಹೋಟೆಲಿನವರು ಎಲ್ಲಾ ಬೀದಿಗೆ ಇಳಿದರು. 2022ರಲ್ಲಿ ಹೊಸ ಅಧ್ಯಕ್ಷ ರುಟೊ ಬಂದ ತಕ್ಷಣ ಮಾಲು ಬಿಡಿಸುವ ಕೆಲಸವನ್ನು ಮೊಂಬಾಸಾಗೆ ವಾಪಸ್ ತಂದರು. ರೈಲು ಹಾಕಿದ ಮಾತ್ರಕ್ಕೆ ಲಾರಿ ತಾನಾಗಿ ರಸ್ತೆ ಬಿಡುವುದಿಲ್ಲ.

ಹೊಸಪೇಟೆ ಕಡೆಯವ:

ಇದು ನನಗೆ ಬೇಕಾಗಿದ್ದ ಉತ್ತರ. ನಮ್ಮಲ್ಲೂ ಡೀಸೆಲ್ ಮೇಲೆ ಸೆಸ್ ಇದೆಯಲ್ಲ, ಅದು ಎಲ್ಲಿ ಹೋಗುತ್ತದೆ?

ಲೆಕ್ಕ ಪುಸ್ತಕ:

ಇದೆ. 2000ದ ಕಾನೂನಿನಲ್ಲಿ ಕೇಂದ್ರ ರಸ್ತೆ ನಿಧಿ ಬಂತು. 2018ರ ಬಜೆಟ್‌ನಲ್ಲಿ ಅದನ್ನು ರಸ್ತೆ ಮತ್ತು ಮೂಲಸೌಕರ್ಯ ನಿಧಿ ಮಾಡಿ ಲೀಟರಿಗೆ 8 ರೂಪಾಯಿ ಸೆಸ್ ಇಟ್ಟರು. ಆ ಎರಡನೇ ಪದ ಸೇರಿದ ಮೇಲೆ ರೈಲು, ಬಂದರು, ಇನ್ನೂ ಏನೇನೋ ಅದರೊಳಗೆ ಬಂದವು. ಜೊತೆಗೆ ಸೆಸ್ ಅಂದರೆ ರಾಜ್ಯಗಳ ತೆರಿಗೆ ಪಾಲಿಗೆ ಸೇರುವುದಿಲ್ಲ. ರಾಜ್ಯದ ರಸ್ತೆಗಳಿಗೆ ಕೇಂದ್ರ ಕೊಟ್ಟಷ್ಟು ಮಾತ್ರ. ನಿಮ್ಮ ಸಂಡೂರಿನ ಹಳ್ಳಿ ರಸ್ತೆಗೆ ಅದರಿಂದ ನೇರವಾಗಿ ಏನೂ ಕಾಯಬೇಡಿ.

ಆದರೆ ನಿಮ್ಮ ಜಿಲ್ಲೆಗೆ ಬೇರೆ ಎರಡು ಗಂಟು ಇದೆ. ಒಂದು ಜಿಲ್ಲಾ ಖನಿಜ ಪ್ರತಿಷ್ಠಾನ. 2015ರ ತಿದ್ದುಪಡಿಯ ನಂತರ ಹಳೇ ಗುತ್ತಿಗೆಯವರು ರಾಯಧನದ ಮೇಲೆ ಇನ್ನೂ 30 ಶೇಕಡಾ, ಹರಾಜಿನಲ್ಲಿ ಪಡೆದವರು 10 ಶೇಕಡಾ ಅದಕ್ಕೆ ಕಟ್ಟಬೇಕು. ಇನ್ನೊಂದು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ. ಸುಪ್ರೀಂ ಕೋರ್ಟ್ ಗಣಿಯವರಿಂದ ಕಟ್ಟಿಸಿ ಇಟ್ಟಿದ್ದ ದುಡ್ಡು, ಸುಮಾರು 25 ಸಾವಿರ ಕೋಟಿಯ ಯೋಜನೆ. ಗಣಿ ಬಾಧಿತ ನಾಲ್ಕು ಜಿಲ್ಲೆಗಳಿಗೆ. ಅಂದರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ, ದುಡ್ಡು ಇದೆ. ವರ್ಷಗಟ್ಟಲೆ ಖರ್ಚಾಗದೆ ಕೂತಿತ್ತು ಕೂಡ. ನನಗೆ ಭಯ ಬೇರೆ. ಇಂಥ ದುಡ್ಡು ಬಂದ ಕೂಡಲೇ ಅದು ಹೊಸ ಕಟ್ಟಡ, ಹೊಸ ರಸ್ತೆ, ಸಮುದಾಯ ಭವನ ಆಗುತ್ತದೆ. ಹತ್ತು ವರ್ಷದ ರಿಪೇರಿಗೆ ಅಂತ ಎತ್ತಿಡುವವರು ಇಲ್ಲ.

ಹಳೇ ಲಾರಿ:

ದುಡ್ಡು ಎಷ್ಟಾದರೂ ಸುರಿಯಿರಿ, ತೂಕ ಹಿಡಿಯದಿದ್ದರೆ ಓಟೆ ಕೊಡಕ್ಕೆ ನೀರು ಹೊಯ್ದ ಹಾಗೆ.

ದಂಡದ ವಿಷಯ ನಾನು ಹೇಳುತ್ತೇನೆ. 2019ರ ಸೆಪ್ಟೆಂಬರ್‌ಗೆ ಮುಂಚೆ ಓವರ್‌ಲೋಡ್‌ಗೆ 2,000 ರೂಪಾಯಿ, ಜೊತೆಗೆ ಟನ್ನಿಗೆ 1,000. ಈಗ 20,000, ಟನ್ನಿಗೆ 2,000. ಜಾಸ್ತಿ ಇರುವ ಮಾಲನ್ನು ಅಲ್ಲೇ ಇಳಿಸಿ ಆಮೇಲೆ ಗಾಡಿ ಬಿಡಬೇಕು ಅಂತ ಕಾನೂನು ಮೊದಲಿನಿಂದಲೂ ಇದೆ. ಕೆಲವು ರಾಜ್ಯಗಳು ಮೊದಲೇ ದುಡ್ಡು ಕಟ್ಟಿಸಿಕೊಂಡು ಓವರ್‌ಲೋಡ್‌ಗೆ ಕಾರ್ಡ್ ಕೊಡುತ್ತಿದ್ದವು, ಅದನ್ನು 2005ರಲ್ಲೇ ಸುಪ್ರೀಂ ಕೋರ್ಟ್ ನಿಲ್ಲಿಸಿತು. ನಮ್ಮ ಗಾಡಿಯಿಂದ ಒಂದು ಬುಟ್ಟಿ ಅದಿರನ್ನೂ ಯಾರೂ ಇಳಿಸಿದ್ದು ನಾನು ನೋಡಿಲ್ಲ. ಎಲ್ಲಿ ಇಳಿಸುತ್ತಾರೆ? ಜಾಗ ಇಲ್ಲ, ಆಳಿಲ್ಲ, ಇಳಿಸಿದ ಮಾಲು ಕಾಯುವವರಿಲ್ಲ. ದಂಡ ದೊಡ್ಡದಾಯಿತು, ಅದನ್ನು ತಪ್ಪಿಸುವ ರೇಟೂ ದೊಡ್ಡದಾಯಿತು.

ಜಿಎಸ್‌ಟಿ ಬಂದ ಮೇಲೆ 2017ರಲ್ಲಿ ತೆರಿಗೆ ಚೆಕ್‌ಪೋಸ್ಟ್ ಹೋದವು. ನಮಗೆ ಅದರಿಂದ ತುಂಬಾ ಒಳ್ಳೆಯದಾಯಿತು, ಸುಳ್ಳು ಹೇಳಬಾರದು. ಗಡಿಯಲ್ಲಿ ರಾತ್ರಿ ಕಳೆಯುವುದು ತಪ್ಪಿತು. ಆದರೆ ಗಾಡಿ ನಿಲ್ಲಿಸಿ ನೋಡುವ ಜಾಗವೂ ಹೋಯಿತು.

ಕೋಡ್ ಬರೆಯುವವ, ಬೆಂಗಳೂರು:

ಒಂದು ಸಂದೇಹ. ಮಾಲು ಸಾಗಿಸಲು ಜಿಎಸ್‌ಟಿಯಲ್ಲಿ ಮಾಡುವ ಇ–ವೇ ಬಿಲ್‌ನಲ್ಲಿ ಗಾಡಿ ನಂಬರ್ ಇದೆ, ಮಾಲು ಎಷ್ಟು ಅಂತ ಇದೆ. ಆ ಗಾಡಿಯ ಪಾಸಿಂಗ್ ಎಷ್ಟು ಅಂತ ಗಾಡಿ ನೋಂದಣಿಯ ‘ವಾಹನ್’ ದಾಖಲೆಯಲ್ಲಿದೆ. ಎರಡೂ ಸರ್ಕಾರದ ಕಂಪ್ಯೂಟರ್. 28 ಟನ್ನಿನ ಗಾಡಿಗೆ 30 ಟನ್ ಮಾಲು ಹಾಕಿದ ಬಿಲ್ ಹುಟ್ಟುವುದೇ ಬೇಡ ಅಂತ ತಡೆಯಲು ಎಷ್ಟು ಹೊತ್ತು? ಗಣಿಯದ್ದು ಹೇಗೂ ಆನ್‌ಲೈನ್ ಪರ್ಮಿಟ್.

ಡಾಂಬರ್ ಇಂಜಿನಿಯರ್ (ನಿವೃತ್ತ):

ಮಾಡಬಹುದು, ಮಾಡಲೇಬೇಕು. ಆದರೆ ಅದು ಕಾಗದದ ತೂಕವನ್ನು ಮಾತ್ರ ಸರಿ ಮಾಡುತ್ತದೆ. ಬಿಲ್ 19 ಟನ್ನಿಗೆ, ಗಾಡಿಯಲ್ಲಿ 27 ಟನ್. ಅಂದಿನ ಅಕ್ರಮ ಗಣಿ ಹಗರಣ ನಡೆದಿದ್ದೂ ಹಾಗೇ, ಪರ್ಮಿಟ್ ಒಂದು, ಮಾಲು ಇನ್ನೊಂದು. ಅದಕ್ಕೇ ಗಣಿ ಗೇಟಿನಲ್ಲಿ ತೂಕದ ಕಟ್ಟೆಯ ಅಂಕಿ ಮನುಷ್ಯರ ಕೈ ಮುಟ್ಟದೆ ನೇರವಾಗಿ ಪರ್ಮಿಟ್‌ಗೆ ಇಳಿಯಬೇಕು. ಆಮೇಲೆ ರಸ್ತೆಯಲ್ಲಿ ಇನ್ನೊಂದು ಕಡೆ ಓಡುವಾಗಲೇ ತೂಗುವ ಯಂತ್ರ ಇರಬೇಕು. ಎರಡು ಅಂಕಿ ತಾಳೆಯಾಗದಿದ್ದರೆ ನೋಟಿಸ್ ಹೋಗಬೇಕಾಗಿದ್ದು ಡ್ರೈವರ್‌ಗಲ್ಲ, ಗಣಿಗೆ. ಕಾನೂನಿನಲ್ಲಿ ಅದಕ್ಕೆ ಜಾಗ ಇದೆ. ಓಡಿಸಿದವನ ಜೊತೆ ಓಡಿಸಲು ಬಿಟ್ಟವನಿಗೂ ದಂಡ ಅಂತ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194 ಹೇಳುತ್ತದೆ. ಬಳಸುವವರಿಲ್ಲ.

ಇನ್ನೊಂದು. 2018ರಲ್ಲಿ ಕೇಂದ್ರ ಸರ್ಕಾರ ಪಾಸಿಂಗನ್ನೇ ಏರಿಸಿತು. ನಾಲ್ಕು ಟೈರಿನ ಆಕ್ಸಲ್ 10.2 ಟನ್ ಇದ್ದಿದ್ದು 11.5 ಆಯಿತು. ಹತ್ತು ಚಕ್ರದ ಗಾಡಿ 25ರಿಂದ 28.5. ಸಾಗಣೆ ಅಗ್ಗ ಆಗುತ್ತದೆ, ಓವರ್‌ಲೋಡ್ ಕಡಿಮೆ ಆಗುತ್ತದೆ ಅಂತ ಕಾರಣ ಕೊಟ್ಟರು. ಸರಿ. ಅದೇ ನಾಲ್ಕನೇ ಘಾತದ ಲೆಕ್ಕ ಹಾಕಿ, ಆ ಆಕ್ಸಲ್ ಮಾಡುವ ಹಾನಿ ಸುಮಾರು 60 ಶೇಕಡಾ ಜಾಸ್ತಿ. ಹಳೇ ಮಿತಿಗೆ ಕಟ್ಟಿದ ರಸ್ತೆಗಳು ಹಾಗೇ ಇವೆ. ಮಿತಿ ಏರಿಸಿದ ದಿನವೇ ರಿಪೇರಿ ಬಜೆಟ್ಟೂ ಏರಬೇಕಿತ್ತು.

ಹಳೇ ಲಾರಿ:

ಇಂಜಿನಿಯರ್ ಸಾಹೇಬರಿಗೆ ಪೂರ್ತಿ ಒಪ್ಪಿಗೆ, ಆದರೆ ಒಂದು ಷರತ್ತು. ಗೇಟಿನಲ್ಲಿ ಬಿಗಿ ಮಾಡುವ ದಿನವೇ ಬಾಡಿಗೆಯನ್ನೂ ಸರಿ ಮಾಡಿ. ಟನ್ನಿನ ರೇಟು ಪಾಸಿಂಗ್ ಲೋಡಿನ ಮೇಲೆ ಕಟ್ಟಿ. ತೂಕ ಮಾತ್ರ ಬಿಗಿ ಮಾಡಿ ರೇಟು ಹಾಗೇ ಬಿಟ್ಟರೆ ಒಂದೇ ಗಾಡಿ ಇಟ್ಟುಕೊಂಡ ನಮ್ಮಂಥವರು ಮೊದಲು ಮುಳುಗುತ್ತೇವೆ. ಐವತ್ತು ಗಾಡಿ ಇರುವ ದೊಡ್ಡವನು ತಡೆದುಕೊಳ್ಳುತ್ತಾನೆ, ಆಮೇಲೆ ನಮ್ಮ ಗಾಡಿಯನ್ನೇ ಅರ್ಧ ಬೆಲೆಗೆ ಕೊಳ್ಳುತ್ತಾನೆ. 2011ರಲ್ಲಿ ಆಗಿದ್ದೂ ಅದೇ.

ಮೊಂಬಾಸಾದಿಂದ:

ಇದು ಇಲ್ಲೂ ನಿಜ. ತೂಕ ಬಿಗಿಯಾದ ಮೇಲೆ ಗೆದ್ದವರು ಜಾಸ್ತಿ ಆಕ್ಸಲ್‌ನ ಹೊಸ ಟ್ರೈಲರ್ ಕೊಳ್ಳಲು ದುಡ್ಡಿದ್ದ ಕಂಪನಿಗಳು.

ಹೊಸಪೇಟೆ ಕಡೆಯವ:

ಹಾಗಾದರೆ ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇನೆ. ಕಳೆದ ಮೂರು ವರ್ಷ ನಮ್ಮ ತಾಲ್ಲೂಕಿನ ಗಣಿಗಳಿಂದ ರಸ್ತೆ ಮೂಲಕ ಹೋದ ಅದಿರು ಎಷ್ಟು ಟನ್, ಎಷ್ಟು ಪರ್ಮಿಟ್. ಅದೇ ರಸ್ತೆಗಳಿಗೆ ಹೊಸ ಕಾಮಗಾರಿಗೆ ಎಷ್ಟು ಖರ್ಚು, ರಿಪೇರಿಗೆ ಎಷ್ಟು. ಓವರ್‌ಲೋಡ್ ಕೇಸು ಎಷ್ಟು, ಅದರಲ್ಲಿ ಗಣಿ ಮೇಲೆ ಹಾಕಿದ್ದು ಎಷ್ಟು, ಮಾಲು ಇಳಿಸಿದ್ದು ಎಷ್ಟು. ಟನ್ನನ್ನು ಪರ್ಮಿಟ್‌ನಿಂದ ಭಾಗಿಸಿದರೆ ಲಾರಿಗೆ ಸರಾಸರಿ ಲೋಡ್ ಬರುತ್ತದಲ್ಲ? ಎಲ್ಲಾ ಒಂದೇ ಅರ್ಜಿಯಲ್ಲಿ ಕೇಳಲಾ?

ಲೆಕ್ಕ ಪುಸ್ತಕ:

ಬೇಡ. ಗಣಿ ಇಲಾಖೆಗೆ ಒಂದು, ಲೋಕೋಪಯೋಗಿಗೆ ಒಂದು, ಆರ್‌ಟಿಒಗೆ ಒಂದು. ಹತ್ತು ಹತ್ತು ರೂಪಾಯಿ ಶುಲ್ಕ, ಮುಗಿಯಿತು. ಒಂದೇ ಅರ್ಜಿ ಹಾಕಿದರೆ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 6(3)ರ ಪ್ರಕಾರ ವರ್ಗಾಯಿಸಿದ್ದೇವೆ ಅಂತ ಒಬ್ಬರ ಮೇಲೆ ಒಬ್ಬರು ಹಾಕುತ್ತಾ ಕೂರುತ್ತಾರೆ. ಹಳ್ಳಿ ರಸ್ತೆಗಳಾದರೆ ಪಂಚಾಯತ್‌ರಾಜ್ ಇಂಜಿನಿಯರಿಂಗ್ ವಿಭಾಗಕ್ಕೂ ಒಂದು ಹಾಕಿ.

ಹಳೇ ಲಾರಿ:

ಸರಾಸರಿ ಲೋಡ್ ಲೆಕ್ಕದಲ್ಲಿ ಏನೂ ಸಿಗುವುದಿಲ್ಲ, ಕಾಗದದ ಮೇಲೆ ಎಲ್ಲಾ ಪಾಸಿಂಗೇ ಇರುತ್ತದೆ. ಪರ್ಮಿಟ್ ತೂಕದ ಜೊತೆ ಮಾಲು ಇಳಿಸಿಕೊಂಡ ಕಡೆಯ ತೂಕದ ಚೀಟಿಯನ್ನೂ ಕೇಳಿ. ಖಾಸಗಿ ಕಂಪನಿ ಚೀಟಿ ಅಂತ ಕೊಡದಿದ್ದರೆ ಅದಿರನ್ನು ರೈಲಿಗೆ ತುಂಬುವ ರೈಲ್ವೆ ಸೈಡಿಂಗಿನದ್ದು ಕೇಳಿ, ಅದು ರೈಲ್ವೆ ದಾಖಲೆ.